ಡಾಮಿನೋ ಮೀನು ಹೊಸ ಮೀನನ್ನು ಇರೋಕೆ ಬಿಡ್ತಿಲ್ಲ, ಏನು ಮಾಡಲಿ? (ಉಪ್ಪುನೀರಿನ ಟ್ಯಾಂಕ್, ಬಳ್ಳಾರಿ)

ಬೊಟ್ಟುಮನೆ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಹೇಳದಿದ್ದರೆ ನಿಮಗೆ ಉತ್ತರ ಹೇಳೋದು ಕಷ್ಟ ಅಂತ.

ನಮ್ಮ ಮನೆಯಲ್ಲಿ ಮೂರು ಅಡಿ ಉದ್ದದ ಟ್ಯಾಂಕ್ ಇದೆ. ಅಗಲ ಒಂದೂವರೆ, ಎತ್ತರ ಒಂದೂವರೆ. ಲೆಕ್ಕಕ್ಕೆ 190 ಲೀಟರ್, ಕಲ್ಲು ಮರಳು ಕಳೆದರೆ 160 ಇರಬಹುದು. ಶುರು ಮಾಡಿ ಹತ್ತು ತಿಂಗಳಾಯಿತು. ಮೊದಲು ತಂದಿದ್ದು ಒಂದು ಡಾಮಿನೋ ಡ್ಯಾಮ್ಸೆಲ್. ಟ್ಯಾಂಕ್ ಸೈಕಲ್ ಆಗೋಕೆ (ಅಂದರೆ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಬೆಳೆದು ನೀರು ಹದಕ್ಕೆ ಬರೋಕೆ) ಗಟ್ಟಿ ಮೀನು ಬೇಕು, ಇದನ್ನು ಬಿಡಿ ಅಂತ ಅಂಗಡಿಯಲ್ಲಿ ಹೇಳಿದ್ದರು. ಆಗ ಹೆಬ್ಬೆರಳಿನ ಉಗುರಿನಷ್ಟಿತ್ತು. ಮೈಯೆಲ್ಲ ಕಪ್ಪು, ಹಣೆ ಮೇಲೊಂದು ಬಿಳಿ ಚುಕ್ಕೆ, ಎರಡು ಪಕ್ಕಕ್ಕೆ ಒಂದೊಂದು. ಮಗಳು ಅದಕ್ಕೆ ಬೊಟ್ಟು ಅಂತ ಹೆಸರಿಟ್ಟಳು. ಈಗ ಮೂರು ಇಂಚು ಬೆಳೆದಿದೆ.

ಆಮೇಲೆ ಎರಡು ಕ್ಲೌನ್ ಮೀನು ತಂದೆವು, ಸಾಮಾನ್ಯ ಕಿತ್ತಳೆ ಬಣ್ಣದ ಆಸೆಲಾರಿಸ್. ಅದಾದ ಮೇಲೆ ಒಂದು ಹಳದಿ ಬಾಲದ ನೀಲಿ ಡ್ಯಾಮ್ಸೆಲ್. ಬೊಟ್ಟು ಒಂದೆರಡು ದಿನ ಅಟ್ಟಾಡಿಸಿ ಸುಮ್ಮನಾಯಿತು. ಹಾಗಾಗಿ ಧೈರ್ಯ ಮಾಡಿ ಹೋದ ಭಾನುವಾರ ಒಂದು ಫೈರ್‌ಫಿಶ್ (ತೆಳ್ಳಗಿನ, ಪುಕ್ಕಲು ಸ್ವಭಾವದ ಸಣ್ಣ ಮೀನು) ತರಿಸಿದೆ. ನಮ್ಮ ತಮ್ಮ ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಥರ್ಮಾಕೋಲ್ ಡಬ್ಬಿ ಮಡಿಲಲ್ಲಿಟ್ಟುಕೊಂಡು ತಂದ.

ಬಿಟ್ಟ ಹತ್ತು ನಿಮಿಷಕ್ಕೆ ಶುರುವಾಯಿತು. ಬೊಟ್ಟು ಎಡಗಡೆ ದೊಡ್ಡ ಕಲ್ಲಿನ ಕೆಳಗಿನಿಂದ ಹೊರಗೆ ಬರುತ್ತದೆ, ರೆಕ್ಕೆ ಎಲ್ಲ ಅಗಲಿಸಿ ಅಡ್ಡಡ್ಡ ನಿಲ್ಲುತ್ತದೆ, ಟಕ್ ಟಕ್ ಅಂತ ಸದ್ದು ಬರುತ್ತದೆ (ಗಾಜಿನ ಹೊರಗೂ ಕೇಳಿಸುತ್ತದೆ, ಅದು ಮೀನಿನ ಸದ್ದೇನಾ?), ಆಮೇಲೆ ಒಂದೇ ಏಟಿಗೆ ನುಗ್ಗಿ ಕಚ್ಚುತ್ತದೆ. ಫೈರ್‌ಫಿಶ್‌ಗೆ ಬೆನ್ನಿನ ಮೇಲೆ ಉದ್ದ ಕಡ್ಡಿ ಇರುತ್ತದಲ್ಲ, ಅದು ಅರ್ಧಕ್ಕೆ ಮುರಿದಿದೆ. ಬಾಲ ಹಲ್ಲು ಮುರಿದ ಬಾಚಣಿಗೆಯ ಹಾಗಾಗಿದೆ. ಈಗ ಮೂರು ದಿನದಿಂದ ವೇವ್‌ಮೇಕರ್ (ನೀರು ಆಡಿಸುವ ಪಂಪ್) ಹಿಂದಿನ ಮೂಲೆಯಲ್ಲಿ ಗಾಜಿಗೆ ಮುಖ ಮಾಡಿ ನಿಂತಿದೆ. ಒಂದು ಕಾಳೂ ತಿಂದಿಲ್ಲ.

ಇನ್ನೊಂದು ವಿಷಯ. ದೊಡ್ಡ ಕ್ಲೌನ್ ಚಿಕ್ಕದನ್ನು ಕಚ್ಚುತ್ತದೆ. ಚಿಕ್ಕದು ಪಕ್ಕಕ್ಕೆ ವಾಲಿ ಫಿಟ್ಸ್ ಬಂದ ಹಾಗೆ ನಡುಗುತ್ತದೆ. ಇದೂ ಅದೇ ಥರದ ಜಗಳನಾ?

ನೀರು: ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20, ಉಪ್ಪು 1.026 (ಉಪ್ಪಿನ ಮೀಟರ್ ತೋರಿಸುವ ಸಾಂದ್ರತೆ). ಮಧ್ಯಾಹ್ನ 30 ಡಿಗ್ರಿ ದಾಟುತ್ತಿದೆ, ಇಲ್ಲಿನ ಮೇ ತಿಂಗಳು ನಿಮಗೆ ಗೊತ್ತಲ್ಲ. ಅತ್ತೆ ಬೊಟ್ಟುವನ್ನು ಟಿ.ಬಿ. ಡ್ಯಾಮ್‌ಗೆ ಬಿಟ್ಟು ಬಾ ಅಂತಾರೆ. ಮಗಳು ಅದನ್ನು ಕೇಳಿ ಊಟ ಬಿಟ್ಟು ಕೂತಿದ್ದಾಳೆ. ಏನು ಮಾಡಲಿ ಹೇಳಿ.

ಉಪ್ಪುನೀರು_ರಾಯಚೂರು

ಅಕ್ಕ, ಮಿಕ್ಕಿದ್ದು ಆಮೇಲೆ. ಮೊದಲು ಫೈರ್‌ಫಿಶ್ ಅನ್ನು ಇವತ್ತು ರಾತ್ರಿಯೇ ಬೇರೆ ಮಾಡಿ. ನಾಳೆ ಅಂತ ಇಟ್ಟುಕೊಳ್ಳಬೇಡಿ. ಮೂರು ದಿನ ತಿನ್ನದೆ ಮೂಲೆಯಲ್ಲಿ ನಿಂತ ಮೀನಿಗೆ ಜಾಸ್ತಿ ಸಮಯ ಇರುವುದಿಲ್ಲ.

ಟ್ಯಾಂಕ್ ಮೇಲೆ ಏನಾದರೂ ಮುಚ್ಚಿದ್ದೀರಾ? ಫೈರ್‌ಫಿಶ್ ಹೆದರಿದರೆ ಮೇಲಕ್ಕೆ ಹಾರುತ್ತದೆ. ಎರಡು ಬೆರಳಿನಷ್ಟು ಸಂದು ಸಾಕು. ಗಾಜಿನ ಮುಚ್ಚಳ ಬೇಡ, ಈ ಬಿಸಿಲಿಗೆ ನೀರು ಇನ್ನೂ ಕಾಯುತ್ತದೆ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿದು ಮೇಲಿಡಿ. ಗಾಳಿಯೂ ಆಡುತ್ತದೆ, ಮೀನೂ ಹಾರುವುದಿಲ್ಲ.

ಬೇರೆ ಮಾಡೋಕೆ ಇನ್ನೊಂದು ಟ್ಯಾಂಕ್ ಬೇಕಿಲ್ಲ. ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿ ಇರುತ್ತಲ್ಲ, ಹೊಸದೊಂದು ತನ್ನಿ. ಸೋಪು ಮುಟ್ಟಿಸಬೇಡಿ. ಅಂಥದ್ದೇ ಇನ್ನೊಂದನ್ನು ಬೋರಲು ಹಾಕಿ ಕೇಬಲ್ ಟೈನಿಂದ ಬಿಗಿದರೆ ಮುಚ್ಚಳವೂ ಆಯಿತು. ಒಳಗೆ ಒಂದು ಪಿವಿಸಿ ಪೈಪಿನ ಎಲ್ಬೋ ಹಾಕಿ, ಅದು ಅವಿತುಕೊಳ್ಳಲಿ. ಬುಟ್ಟಿಯನ್ನು ಬೊಟ್ಟುವಿನ ಕಲ್ಲಿನಿಂದ ದೂರ, ಬಲಗಡೆ ತೂಗುಬಿಡಿ, ನೀರು ಆಡುವ ಕಡೆ. ಮೀನು ಹಿಡಿಯುವಾಗ ಬಲೆ ಬೇಡ, ಹರಿದ ರೆಕ್ಕೆ ಬಲೆಗೆ ಸಿಕ್ಕಿಕೊಳ್ಳುತ್ತದೆ. ಲೈಟ್ ಆರಿಸಿ ಅರ್ಧ ಗಂಟೆ ಬಿಟ್ಟು, ಒಂದು ಟಾರ್ಚ್ ಹಿಡಿದು, ಅಗಲ ಬಾಯಿಯ ಡಬ್ಬಿಯಿಂದ ನೀರಿನ ಸಮೇತ ಎತ್ತಿ. ನಿದ್ದೆಗಣ್ಣಿನಲ್ಲಿ ಸುಲಭವಾಗಿ ಸಿಗುತ್ತದೆ.

ಟಕ್ ಟಕ್ ಸದ್ದು ಮೀನಿನದೇ. ಡ್ಯಾಮ್ಸೆಲ್ ಮನೆತನದ ಮೀನುಗಳು ಹೀಗೆ ಸದ್ದು ಮಾಡುತ್ತವೆ, ಕ್ಲೌನ್ ಕೂಡ ಅದೇ ಮನೆತನ. ಇದು ನನ್ನ ಜಾಗ, ಹೋಗು ಅಂತ ಅರ್ಥ.

ಕ್ಲೌನ್ ವಿಷಯಕ್ಕೆ ಹೆದರಬೇಡಿ. ಕ್ಲೌನ್ ಮೀನು ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನಲ್ಲಿ ಯಾವುದು ದೊಡ್ಡದೋ ಅದು ಹೆಣ್ಣಾಗುತ್ತದೆ, ಅದರ ಕೆಳಗಿನದು ಅದರ ಗಂಡ. ಹೆಣ್ಣು ಆಗಾಗ ಒಂದೇಟು ಕೊಟ್ಟು ಯಾರು ದೊಡ್ಡವರು ಅಂತ ನೆನಪಿಸುತ್ತದೆ. ಚಿಕ್ಕದು ವಾಲಿ ನಡುಗುವುದು ಒಪ್ಪಿಕೊಂಡೆ ಅಂತ ಹೇಳುವ ರೀತಿ. ನಡುಗುತ್ತಿದೆ ಅಂದರೆ ಜೋಡಿ ಕೂಡುತ್ತಿದೆ ಅಂತ ಲೆಕ್ಕ. ಎರಡರ ಅಳತೆ ಎಷ್ಟು? ಒಂದೇ ಸಮ ದೊಡ್ಡವಾಗಿದ್ದು ಎರಡೂ ಹೆಣ್ಣಾಗಿದ್ದರೆ ಮಾತ್ರ ಕಷ್ಟ, ಒಂದು ಸಾಯುವ ತನಕ ಬಿಡುವುದಿಲ್ಲ.

ಡ್ಯಾಮ್‌ಗೆ ಮಾತ್ರ ಬಿಡಬೇಡಿ. ಅತ್ತೆಯವರಿಗೆ ಹೇಳಿ, ಇದು ಸಮುದ್ರದ ಮೀನು, ಸಿಹಿನೀರಿನಲ್ಲಿ ಬದುಕುವುದಿಲ್ಲ. ಬಿಟ್ಟ ಹಾಗೂ ಅಲ್ಲ, ಸಾಕಿದ ಹಾಗೂ ಅಲ್ಲ, ಸಾಯಿಸಿದ ಹಾಗಾಗುತ್ತದೆ.

ಬೊಟ್ಟುಮನೆ_ಬಳ್ಳಾರಿ

ತುಂಬಾ ಥ್ಯಾಂಕ್ಸ್ ಅಣ್ಣ. ರಾತ್ರಿ ಹನ್ನೊಂದಕ್ಕೆ ಹಿಡಿದೆವು, ಯಜಮಾನರು ಟಾರ್ಚ್ ಹಿಡಿದರು, ಎರಡನೇ ಸಲಕ್ಕೇ ಡಬ್ಬಿಗೆ ಬಂತು. ಈಗ ಬುಟ್ಟಿಯಲ್ಲಿದೆ. ಎಲ್ಬೋ ಒಳಗಿನಿಂದ ಮೂತಿ ಮಾತ್ರ ಕಾಣುತ್ತದೆ. ಜಾಲರಿ ಇರಲಿಲ್ಲ, ಇವತ್ತು ಮಾಡಿಸುತ್ತೇವೆ.

ದೊಡ್ಡ ಕ್ಲೌನ್ ಎರಡು ಇಂಚು, ಚಿಕ್ಕದು ಒಂದೂಕಾಲು. ಇಬ್ಬರೂ ತಿನ್ನುತ್ತಾರೆ, ರಾತ್ರಿ ಒಂದೇ ಮೂಲೆಯಲ್ಲಿ ಮಲಗುತ್ತಾರೆ.

ಉಪ್ಪುನೀರು_ರಾಯಚೂರು

ಹಾಗಾದರೆ ಅದು ಸಂಸಾರ. ಬಿಟ್ಟುಬಿಡಿ. ಚಿಕ್ಕದು ನೀರಿನ ಮೇಲ್ಗಡೆ ಮೂಲೆಗೆ ಸೇರಿ ತಿನ್ನೋದು ನಿಲ್ಲಿಸಿದರೆ ಮಾತ್ರ ಹೇಳಿ.

ಬುಟ್ಟಿಯಲ್ಲಿ ಕನಿಷ್ಠ ಐದಾರು ದಿನ ಇರಲಿ. ಹೆಪ್ಪುಗಟ್ಟಿಸಿದ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ, ಮೀನಿನ ಆಹಾರ) ಇದ್ದರೆ ಕರಗಿಸಿ, ಒಂದು ಡ್ರಾಪರ್‌ನಲ್ಲಿ ಎಲ್ಬೋ ಬಾಯಿಗೇ ಬಿಡಿ. ಇಲ್ಲದಿದ್ದರೆ ಹಸಿ ಸೀಗಡಿಯನ್ನು ಸಾಸಿವೆ ಕಾಳಿನಷ್ಟು ಚೂರು ಮಾಡಿ. ಬೊಟ್ಟುಗೆ ಅದೇ ಹೊತ್ತಿಗೆ ಎಡಗಡೆ ಹಾಕಿ, ಅದರ ಗಮನ ಆ ಕಡೆ ಇರಲಿ.

ಸಿಂಧನೂರು_ಮೇಷ್ಟ್ರು

ತಂಗಿ, ನನ್ನದೊಂದು ಮಾತು ಸೇರಿಸುತ್ತೇನೆ. ಡ್ಯಾಮ್ಸೆಲ್ ಇಡೀ ಟ್ಯಾಂಕ್ ಕಾಯುವುದಿಲ್ಲ, ಒಂದು ಕಲ್ಲನ್ನು ಕಾಯುತ್ತದೆ. ಆ ಕಲ್ಲಿನ ಸುತ್ತ ಅದಕ್ಕೊಂದು ಗಡಿ ಇರುತ್ತದೆ, ನಮ್ಮ ಕಡೆ ಗದ್ದೆಗೆ ಬದು ಇದ್ದ ಹಾಗೆ. ಬದು ಕಿತ್ತು ಹಾಕಿದರೆ ಯಾರದು ಎಲ್ಲಿಯವರೆಗೆ ಅಂತ ಗೊತ್ತಾಗುವುದಿಲ್ಲ, ಎಲ್ಲರೂ ಹೊಸದಾಗಿ ಶುರು ಮಾಡಬೇಕು.

ನಾನು ಮಾಡಿದ್ದು ಹೀಗೆ. ನನ್ನ ಟ್ಯಾಂಕ್‌ನಲ್ಲಿ ಹಳದಿ ಬಾಲದ್ದು ಒಂದು ರಾಯಲ್ ಗ್ರಾಮಾ ಅನ್ನೋ ಸಣ್ಣ ಮೀನಿಗೆ ಉಸಿರಾಡೋಕೆ ಬಿಡುತ್ತಿರಲಿಲ್ಲ. ಎಲ್ಲ ಕಲ್ಲನ್ನೂ ಎತ್ತಿ ಉಪ್ಪುನೀರಿನ ಬಕೆಟ್‌ನಲ್ಲಿಟ್ಟು, ಬೇರೆ ಥರ ಜೋಡಿಸಿದೆ. ಮೊದಲು ಒಂದೇ ಗುಡ್ಡ ಇತ್ತು, ಅದನ್ನು ಎರಡು ಮಾಡಿದೆ, ಮಧ್ಯೆ ಮರಳಿನ ಬಯಲು ಬಿಟ್ಟೆ. ಒಂದು ಗುಡ್ಡದಿಂದ ನೋಡಿದರೆ ಇನ್ನೊಂದರ ಹಿಂದೆ ಏನಿದೆ ಅಂತ ಕಾಣಬಾರದು, ಅದು ಮುಖ್ಯ. ಕಣ್ಣಿಗೆ ಬಿದ್ದರೆ ತಾನೆ ಅಟ್ಟೋದು. ಸಣ್ಣ ಸಣ್ಣ ಸಂದು ಜಾಸ್ತಿ ಮಾಡಿದೆ, ಚಿಕ್ಕ ಮೀನು ನುಗ್ಗುವಷ್ಟು ಮಾತ್ರ. ಅವತ್ತಿನಿಂದ ಜಗಳ ನಿಂತಿತು. ಎರಡು ವರ್ಷ ಆಯಿತು, ಒಟ್ಟಿಗೆ ಇವೆ.

ಕಲ್ಲು ಎತ್ತುವಾಗ ನಿಧಾನ, ಮರಳು ಕದಡಿದರೆ ಕೆಳಗಿನ ಕೊಳೆಯೆಲ್ಲ ಮೇಲೆ ಬರುತ್ತದೆ. ಕಲ್ಲು ಗಾಜಿನ ಮೇಲೆ ನೇರ ಕೂರಬೇಕು, ಮರಳಿನ ಮೇಲೆ ಕೂತರೆ ಮೀನು ಬುಡ ತೋಡಿ ಬೀಳಿಸುತ್ತದೆ. ಮರುದಿನ ಅಮೋನಿಯಾ ನೋಡಿ.

ಬೊಟ್ಟುಮನೆ_ಬಳ್ಳಾರಿ

ಮೇಷ್ಟ್ರೇ, ನೀವು ಹೇಳಿದ ಹಾಗೆ ಶನಿವಾರ ಮಾಡಿದೆವು. ಎರಡು ಗುಡ್ಡ, ಮಧ್ಯೆ ಬಯಲು. ಎರಡು ದಿನ ಬೊಟ್ಟು ದಾರಿ ತಪ್ಪಿದವರ ಹಾಗೆ ಸುತ್ತಿತು, ಯಾರನ್ನೂ ಮುಟ್ಟಲಿಲ್ಲ. ಖುಷಿಯಾಯಿತು. ಮೂರನೇ ದಿನ ಎಡಗಡೆ ಗುಡ್ಡದ ಕೆಳಗೆ ಹೊಸ ಗುಹೆ ಹಿಡಿಯಿತು. ಈಗ ಬಲಗಡೆಯ ಬುಟ್ಟಿಗೇ ಬಂದು ತೂತಿನಿಂದ ಕಚ್ಚೋಕೆ ನೋಡುತ್ತದೆ. ಪಾಚಿ ಉಜ್ಜಲು ಕೈ ಹಾಕಿದರೆ ನನ್ನ ಬೆರಳಿಗೂ ಬಂತು. ಹಳದಿ ಬಾಲದ್ದೂ ಈಗ ಹೆದರಿ ಹಿಂದೆ ಕೂತಿದೆ.

ಫೈರ್‌ಫಿಶ್ ಮಾತ್ರ ನಿನ್ನೆ ಎರಡು ಮೈಸಿಸ್ ತಿಂದಿತು. ಅಣ್ಣ, ನೀವು ಹೇಳಿದ ಡ್ರಾಪರ್‌ನಿಂದಲೇ.

ಗಂಗಾವತಿ_ಐದಡಿ

ಅಕ್ಕಾವ್ರೇ, ಮೊದಲಿಂದ ಓದುತ್ತಿದ್ದೇನೆ. ಮೇಷ್ಟ್ರು ಹೇಳಿದ್ದು ಹಳದಿ ಬಾಲದ್ದಕ್ಕೆ ಸರಿ. ಅದು ಮೂರು ಇಂಚಿಗೆ ನಿಲ್ಲುವ ಮೀನು, ಮೆತ್ತಗಿನದು. ಡಾಮಿನೋ ಹಾಗಲ್ಲ. ಅದು ಐದು ಇಂಚಿಗೆ ಹೋಗುತ್ತದೆ, ಬೆಳೆದ ಹಾಗೆ ಹಣೆಯ ಬೊಟ್ಟು ಅಳಿಸಿಹೋಗುತ್ತದೆ, ಪಕ್ಕದ ಚುಕ್ಕೆಗಳೂ ಮಾಸುತ್ತವೆ, ಜೊತೆಗೆ ಸಿಟ್ಟು ಬೆಳೆಯುತ್ತದೆ. ಮೂರು ಅಡಿಯಲ್ಲಿ ಅದನ್ನು ಯಾರ ಜೊತೆಗೂ ಇಡಬೇಡಿ ಅಂತ ನನ್ನ ಖಡಾಖಂಡಿತ ಅಭಿಪ್ರಾಯ.

ಇದು ಮೀನಿನ ತಪ್ಪೂ ಅಲ್ಲ. ಸಮುದ್ರದಲ್ಲಿ ಡಾಮಿನೋ ಅಟ್ಟಿದರೆ ಇನ್ನೊಂದು ಮೀನು ಓಡುತ್ತದೆ, ನಾಲ್ಕೈದು ಅಡಿ ಹೋದರೆ ಗಡಿ ದಾಟಿತು, ಇದು ವಾಪಸ್ ಬರುತ್ತದೆ, ಅಲ್ಲಿಗೆ ಮುಗಿಯಿತು. ನಿಮ್ಮ ಟ್ಯಾಂಕ್ ಉದ್ದವೇ ಮೂರು ಅಡಿ. ಫೈರ್‌ಫಿಶ್ ಎಷ್ಟು ಓಡಿದರೂ ಗಡಿ ದಾಟೋಕೆ ಆಗಲ್ಲ. ಬೊಟ್ಟು ಕಣ್ಣಿಗೆ, ಹೋಗು ಅಂದರೂ ಹೋಗದೆ ಎದುರಿಗೇ ನಿಂತ ಮೀನು ಅದು. ಅದಕ್ಕೇ ಕಚ್ಚೋದು ನಿಲ್ಲುವುದಿಲ್ಲ. ಅದೂ ಅಲ್ಲದೆ ಟ್ಯಾಂಕ್‌ಗೆ ಮೊದಲು ಬಂದಿದ್ದೇ ಅದು, ಹತ್ತು ತಿಂಗಳಿಂದ ಅದರದೇ ಮನೆ.

ನಾನು ಇದನ್ನು ಕಷ್ಟಪಟ್ಟು ಕಲಿತೆ. ಮೊದಲ ಟ್ಯಾಂಕ್‌ನಲ್ಲಿ ನಂದೂ ಡಾಮಿನೋ ಇತ್ತು. ಎರಡು ಫೈರ್‌ಫಿಶ್ ಹೋದವು. ಒಂದು ಟ್ಯಾಂಕ್ ಸ್ಟ್ಯಾಂಡ್ ಹಿಂದೆ ಒಣಗಿ ಸಿಕ್ಕಿತು, ಮೈಮೇಲೆ ಇನ್ನೂ ಆ ಕೆಂಪು ಬಣ್ಣ ಹಾಗೇ ಇತ್ತು. ಆ ದಿನ ಇಡೀ ಮನಸ್ಸು ಸರಿ ಇರಲಿಲ್ಲ. ಕನ್ನಡಿ ಕೂಡ ಮಾಡಿ ನೋಡಿದ್ದೆ. ಗಾಜಿನ ಹೊರಗೆ ಕನ್ನಡಿ ಒರಗಿಸಿದರೆ ಮೀನು ತನ್ನ ನೆರಳಿನ ಜೊತೆ ಜಗಳ ಆಡುತ್ತಾ ಕೂರುತ್ತದೆ, ಹೊಸ ಮೀನಿಗೆ ಸ್ವಲ್ಪ ಬಿಡುವು. ಟ್ಯಾಂಗ್ ಮೀನಿಗೆ ಇದು ಚೆನ್ನಾಗಿ ನಡೆಯುತ್ತದೆ. ಡಾಮಿನೋ ಎರಡೇ ದಿನಕ್ಕೆ ಕನ್ನಡಿ ಕಡೆ ನೋಡೋದು ಬಿಟ್ಟಿತು.

ನನ್ನ ಹತ್ತಿರ ಈಗ ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕ್ ಇದೆ, 560 ಲೀಟರ್ ಮೇಲೆ. ಒಂದು ಫಾಕ್ಸ್‌ಫೇಸ್, ಒಂದು ಟ್ಯಾಂಗ್, ಎರಡು ಬೆಳೆದ ಸಾರ್ಜೆಂಟ್ ಮೀನು ಇವೆ. ಫಾಕ್ಸ್‌ಫೇಸ್‌ಗೆ ಬೆನ್ನಲ್ಲಿ ವಿಷದ ಮುಳ್ಳು, ಟ್ಯಾಂಗ್‌ಗೆ ಬಾಲದ ಬುಡದಲ್ಲಿ ಚಾಕು. ಇವರ ನಡುವೆ ಬೊಟ್ಟು ಹೊಸಬ, ಕೊನೆಗೆ ಬಂದವನು. ಅಲ್ಲಿ ಅದಕ್ಕೆ ದೊಡ್ಡಸ್ತಿಕೆ ನಡೆಯೋದಿಲ್ಲ, ಹಾಗಂತ ಅದನ್ನು ಯಾರೂ ಕೊಲ್ಲೋದೂ ಇಲ್ಲ, ಓಡೋಕೆ ಜಾಗ ಇದೆ. ಕೊಡುವ ಮನಸ್ಸಿದ್ದರೆ ನಾನು ಇಟ್ಟುಕೊಳ್ಳುತ್ತೇನೆ. ಮಗಳು ಯಾವಾಗ ಬೇಕಾದರೂ ಬಂದು ನೋಡಲಿ.

ಸಿಂಧನೂರು_ಮೇಷ್ಟ್ರು

ಡಾಮಿನೋ ನಾನು ಸಾಕಿಲ್ಲ, ಒಪ್ಪುತ್ತೇನೆ. ಆದರೆ ಒಂದು ಮಾತು ಬಿಡಬೇಡಿ ತಂಗಿ. ಬೊಟ್ಟು ಹೋದ ಮೇಲೆ ಆ ಜಾಗ ಖಾಲಿ ಇರೋದಿಲ್ಲ. ಹಳದಿ ಬಾಲದ್ದೋ, ದೊಡ್ಡ ಕ್ಲೌನೋ ಅದಕ್ಕೆ ಬಂದು ಕೂರುತ್ತದೆ. ಅದಕ್ಕೆ ಬೊಟ್ಟುವನ್ನು ತೆಗೆದ ದಿನವೇ ಕಲ್ಲು ಇನ್ನೊಮ್ಮೆ ಬದಲಿಸಿ, ಅದೇ ರಾತ್ರಿ ಫೈರ್‌ಫಿಶ್ ಬಿಡಿ. ಎಲ್ಲರಿಗೂ ಒಂದೇ ದಿನ ಹೊಸ ಮನೆ ಆಗಲಿ.

ಗಂಗಾವತಿ_ಐದಡಿ

ಮೇಷ್ಟ್ರ ಮಾತು ನೂರಕ್ಕೆ ನೂರು ಸರಿ. ಹಾಗೇ ಮಾಡಿ.

ಬಿಡುವ ಮುಂಚೆ ಎಲ್ಲ ಮೀನಿಗೂ ಹೊಟ್ಟೆ ತುಂಬ ಹಾಕಿ, ಲೈಟ್ ಆರಿಸಿ, ಆಮೇಲೆ ಬುಟ್ಟಿಯ ಮುಚ್ಚಳ ತೆಗೆಯಿರಿ. ಅದೇ ಹೊರಗೆ ಬರಲಿ, ಬುಟ್ಟಿ ಬೋರಲು ಹಾಕಬೇಡಿ.

ಬೊಟ್ಟುವನ್ನು ಹಿಡಿಯೋದು ಬಲೆಯಿಂದ ಆಗಲ್ಲ, ಕಲ್ಲಿನೊಳಗೆ ಹೋಗಿ ಕೂರುತ್ತದೆ. ಬಾಟಲಿ ಬೋನು ಮಾಡಿ. ಎರಡು ಲೀಟರ್ ಕೂಲ್ ಡ್ರಿಂಕ್ಸ್ ಬಾಟಲಿ, ಚೆನ್ನಾಗಿ ತೊಳೆದದ್ದು. ಕುತ್ತಿಗೆ ಭಾಗ ಕತ್ತರಿಸಿ, ತಿರುಗಿಸಿ, ಬಾಯಿ ಒಳಗೆ ಬರುವ ಹಾಗೆ ಸಿಕ್ಕಿಸಿ. ಮೂರು ಇಂಚಿನ ಮೀನಿಗೆ ಬಾಟಲಿಯ ಬಾಯಿ ಸಾಲದು, ಕುತ್ತಿಗೆ ಇನ್ನೂ ಸ್ವಲ್ಪ ಕತ್ತರಿಸಿ ಎರಡು ಇಂಚು ಅಗಲ ಮಾಡಿ. ಕತ್ತರಿಸಿದ ಅಂಚು ಮೈ ಕೊಯ್ಯುತ್ತದೆ, ಬೆಂಕಿಕಡ್ಡಿ ತೋರಿಸಿ ನುಣ್ಣಗೆ ಮಾಡಿ. ಕಾದ ಮೊಳೆಯಿಂದ ಸುತ್ತಲೂ ತೂತು ಹಾಕಿ, ಇಲ್ಲದಿದ್ದರೆ ಒಳಗೆ ನೀರು ಆಡುವುದಿಲ್ಲ, ಸೀಗಡಿ ವಾಸನೆಯೂ ಹೊರಗೆ ಬರುವುದಿಲ್ಲ. ಒಂದು ಕಲ್ಲು ಒಳಗಿಟ್ಟು ಬಯಲಿನಲ್ಲಿ ಮಲಗಿಸಿ. ಹಿಂದಿನ ದಿನ ಊಟ ಹಾಕಬೇಡಿ. ಒಳಗೆ ಒಂದು ಸೀಗಡಿ ಚೂರು. ಯಾರೂ ಹತ್ತಿರ ನಿಲ್ಲಬೇಡಿ.

ಉಪ್ಪುನೀರು_ರಾಯಚೂರು

ನಾನೂ ಇದಕ್ಕೇ ಬರುತ್ತಿದ್ದೆ. ಬೊಟ್ಟು ಹೋಗಬೇಕು.

ಇನ್ನು ನಿಮ್ಮ 30 ಡಿಗ್ರಿ. ಅದನ್ನು ಮರೆಯಬಾರದು ಅಕ್ಕ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ಮೀನಿಗೆ ಮಾತ್ರ ಜಾಸ್ತಿ ಬೇಕಾಗುತ್ತದೆ. ಅಟ್ಟಿಸಿಕೊಂಡ ಮೀನಿಗೆ ಮೊದಲೇ ಉಸಿರು ಸಾಲದು. 25ರಿಂದ 27ಕ್ಕೆ ಇಳಿಸೋಕೆ ನೋಡಿ. ನೀರು ತಣ್ಣಗೆ ಮಾಡುವ ಚಿಲ್ಲರ್ ಯಂತ್ರ ದುಬಾರಿ. ನಮ್ಮ ಕಡೆ ಒಂದು ಅನುಕೂಲ ಇದೆ, ಗಾಳಿ ಒಣಗಾಳಿ. ಎರಡು ಸಣ್ಣ ಫ್ಯಾನ್ ನೀರಿನ ಮೇಲೆ ಓರೆಯಾಗಿ ಬೀಸುವ ಹಾಗೆ ಹಾಕಿದರೆ ಸಾಕು, ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನಂಥ ಊರಲ್ಲಿ ಗಾಳಿಯಲ್ಲೇ ನೀರು ಇರುತ್ತದೆ, ಅಲ್ಲಿ ಇಷ್ಟು ಇಳಿಯಲ್ಲ. ಹಿತ್ತಲಲ್ಲಿ ಮಡಕೆ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ ಅಲ್ವಾ.

ಆದರೆ ಆವಿಯಾಗೋದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ನನ್ನ ಟ್ಯಾಂಕ್‌ನಲ್ಲಿ ಬೇಸಿಗೆಯಲ್ಲಿ ದಿನಕ್ಕೆ ಮೂರ್ನಾಲ್ಕು ಲೀಟರ್ ಹೋಗುತ್ತದೆ. ಗಾಜಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು, ದಿನಾ ಬೆಳಿಗ್ಗೆ ಆ ಗೆರೆವರೆಗೆ ಆರ್‌ಒ ನೀರು ಹಾಕಿ. ಉಪ್ಪು ಕಲಸಿದ ನೀರು ಹಾಕಬೇಡಿ, ಬೋರ್ ನೀರಂತೂ ಬೇಡವೇ ಬೇಡ. ನಿಮ್ಮದು 1.026 ಇರುವುದು ಇದಕ್ಕೇ ಇರಬಹುದು, 1.025ಕ್ಕೆ ನಿಧಾನವಾಗಿ ಇಳಿಸಿ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಕೈಗೆ ಸಿಗುವ ಜಾಗದಲ್ಲಿರಲಿ.

ರೈಲಿನಲ್ಲಿ ಮೀನು ತರಿಸುವವರಿಗೂ ಒಂದು ಮಾತು. ರಾತ್ರಿಯೆಲ್ಲ ಚೀಲದಲ್ಲಿದ್ದ ಮೀನಿನ ನೀರಲ್ಲಿ ಅಮೋನಿಯಾ ಸೇರಿರುತ್ತದೆ. ಚೀಲ ಕಟ್ಟಿದ್ದಾಗ ಇಂಗಾಲದ ಡೈ ಆಕ್ಸೈಡ್‌ನಿಂದ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಇಳಿದಿರುತ್ತದೆ, ಅಮೋನಿಯಾ ಅಷ್ಟು ಕೆಡುಕು ಮಾಡುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ಬಿಚ್ಚಿದ ಚೀಲದ ನೀರಲ್ಲೇ ಗಂಟೆಗಟ್ಟಲೆ ಹನಿ ಹನಿ ನೀರು ಬೆರೆಸುತ್ತಾ ಕೂರಬೇಡಿ. ಕಳಿಸುವವರನ್ನು ಅವರ ನೀರಿನ ಉಪ್ಪು ಎಷ್ಟು ಅಂತ ಮೊದಲೇ ಕೇಳಿ, ಅಷ್ಟೇ ಉಪ್ಪಿನ ನೀರು ಬೇರೆ ಬಕೆಟ್‌ನಲ್ಲಿ ತಯಾರಿಟ್ಟು, ಚೀಲವನ್ನು ತೇಲಿಬಿಟ್ಟು ಬಿಸಿ ಸಮ ಮಾಡಿ, ಬಿಚ್ಚಿ ಮೀನನ್ನು ಮಾತ್ರ ಅದಕ್ಕೆ ಹಾಕಿ. ಸುಸ್ತಾಗಿ ಬಂದ ಮೀನನ್ನು ಅದೇ ದಿನ ಗಟ್ಟಿ ಮೀನಿನ ಎದುರಿಗೆ ಬಿಟ್ಟರೆ ಅದು ನಿಲ್ಲೋದು ಕಷ್ಟ.

ಕುಷ್ಟಗಿ_ಹೊಸಬ

ಅಣ್ಣಂದಿರೇ, ಮಧ್ಯೆ ಬಂದೆ ಅಂತ ಬೇಜಾರಾಗಬೇಡಿ. ನಾನು ಎರಡು ಅಡಿ ಟ್ಯಾಂಕ್ ತಂದಿಟ್ಟಿದ್ದೇನೆ, ಇನ್ನೂ ನೀರು ಹಾಕಿಲ್ಲ. ಕ್ಲೌನ್ ಜೋಡಿ ಮತ್ತು ಒಂದು ಫೈರ್‌ಫಿಶ್ ಇಡಬೇಕು ಅಂತಿದೆ. ನನಗೂ ಸೈಕಲ್ ಮಾಡೋಕೆ ಡ್ಯಾಮ್ಸೆಲ್ ಬಿಡಿ ಅಂದಿದ್ದಾರೆ.

ಗಂಗಾವತಿ_ಐದಡಿ

ಬಿಡಬೇಡ ತಮ್ಮ. ಈ ಅಕ್ಕನ ಕಷ್ಟ ಎಲ್ಲ ಅಲ್ಲಿಂದಲೇ ಶುರು. ಟ್ಯಾಂಕ್ ಸೈಕಲ್ ಆಗೋಕೆ ಅಮೋನಿಯಾ ಬೇಕು, ಮೀನು ಬೇಕಿಲ್ಲ. ಒಂದು ಸೀಗಡಿ ಚೂರು ಹಾಕಿಟ್ಟರೆ ಕೊಳೆತು ಅಮೋನಿಯಾ ಕೊಡುತ್ತದೆ. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ, ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿದರೆ ತಯಾರು. ನಾಲ್ಕರಿಂದ ಆರು ವಾರ ಅಂತ ಇಟ್ಟುಕೋ. ಆಮೇಲೆ ಫೈರ್‌ಫಿಶ್ ಮೊದಲು. ಅದು ಧೈರ್ಯವಾಗಿ ಹೊರಗೆ ಬಂದು ತಿನ್ನೋ ತನಕ ಕಾದು, ಕೊನೆಗೆ ಕ್ಲೌನ್ ಜೋಡಿ, ಒಂದು ದೊಡ್ಡದು ಒಂದು ಚಿಕ್ಕದು. ಎರಡು ಅಡಿಗೆ ಅಷ್ಟೇ, ಇನ್ನೊಂದು ಮೀನಿನ ಆಸೆ ಬೇಡ. ಕ್ಲೌನ್ ತರುವಾಗ ಹ್ಯಾಚರಿಯಲ್ಲಿ ಹುಟ್ಟಿದ್ದು ಕೇಳು, ನಮ್ಮ ದೇಶದಲ್ಲೇ ಮರಿ ಮಾಡಿಸುತ್ತಾರೆ. ಸಮುದ್ರದಿಂದ ಕಿತ್ತ ಹವಳ ಯಾರಾದರೂ ಕೊಟ್ಟರೆ ಮುಟ್ಟಬೇಡ, ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಬೊಟ್ಟುಮನೆ_ಬಳ್ಳಾರಿ

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಸ್ವಲ್ಪ ದಿನ ಬರೆಯೋಕೆ ಆಗಲಿಲ್ಲ.

ಬಾಟಲಿ ಬೋನು ಮೊದಲ ದಿನ ದೊಡ್ಡ ಕ್ಲೌನ್ ಅನ್ನು ಹಿಡಿಯಿತು. ಬಿಟ್ಟೆವು. ಎರಡನೇ ದಿನ ಬೊಟ್ಟು ಬಾಯಿ ತನಕ ಬಂದು, ಒಳಗೆ ನೋಡಿ, ಮೂರು ಸಲ ವಾಪಸ್ ಹೋಯಿತು. ಮಗಳು ದೂರದಲ್ಲಿ ಸೋಫಾ ಹಿಂದೆ ಕೂತು ನೋಡುತ್ತಿದ್ದಳು. ನಾಲ್ಕನೇ ಸಲ ಒಳಗೆ ಹೋಯಿತು. ಅವಳೇ ಓಡಿ ಬಂದು ಬಾಯಿಗೆ ಕೈ ಮುಚ್ಚಿದಳು. ಆಮೇಲೆ ಬಿಡದೆ ಅತ್ತಳು.

ಭಾನುವಾರ ಬೆಳಿಗ್ಗೆ ಐದೂವರೆಗೆ, ಬಿಸಿಲು ಏರುವ ಮುಂಚೆ, ಥರ್ಮಾಕೋಲ್ ಡಬ್ಬಿಯಲ್ಲಿ ಎರಡು ಚೀಲ ಒಂದರೊಳಗೊಂದು ಹಾಕಿ ಬೊಟ್ಟುವನ್ನು ತೆಗೆದುಕೊಂಡು ಹೊರಟೆವು. ಕಂಪ್ಲಿ ಸೇತುವೆ ದಾಟುವಾಗ ಹೊಳೆಯಲ್ಲಿ ಬಂಡೆಗಳೇ ಕಾಣುತ್ತಿದ್ದವು. ಗಂಗಾವತಿ ಅಣ್ಣನ ಮನೆಯಲ್ಲಿ ಅವರ ಅಮ್ಮ ಒಗ್ಗರಣೆ ಮಿರ್ಚಿ ಮಾಡಿಟ್ಟಿದ್ದರು. ಟ್ಯಾಂಕ್ ನೋಡಿ ಮಗಳಿಗೆ ಸಮಾಧಾನ ಆಯಿತು. ಬೊಟ್ಟು ಅಲ್ಲಿ ಒಂದು ಕಲ್ಲಿನ ಹಿಂದೆ ಹೋಗಿ, ರೆಕ್ಕೆ ಮಡಚಿಕೊಂಡು ಸುಮ್ಮನೆ ನಿಂತಿತ್ತು. ಅದು ಹಾಗೆ ನಿಂತಿದ್ದು ನಾನು ಯಾವತ್ತೂ ನೋಡಿರಲಿಲ್ಲ. ನೋಡಿ ಹೊಟ್ಟೆ ಚುರ್ ಅಂದಿತು. ನಿನ್ನೆ ಅಣ್ಣ ವಿಡಿಯೋ ಕಳಿಸಿದ್ದಾರೆ, ಈಗ ಸಾರ್ಜೆಂಟ್ ಮೀನುಗಳ ಜೊತೆ ಬಂದು ತಿನ್ನುತ್ತಿದೆ.

ಅವತ್ತೇ ಮಧ್ಯಾಹ್ನ ವಾಪಸ್ ಬಂದು ಕಲ್ಲು ಬದಲಿಸಿದೆವು. ರಾತ್ರಿ ಬುಟ್ಟಿ ತೆರೆದೆವು. ಫೈರ್‌ಫಿಶ್ ಒಂದು ಗಂಟೆ ಎಲ್ಬೋ ಬಿಟ್ಟು ಬರಲಿಲ್ಲ, ನಾವು ಮಲಗಿದೆವು. ಬೆಳಿಗ್ಗೆ ನೋಡಿದರೆ ಬಲಗಡೆ ಗುಡ್ಡದ ಒಂದು ಸಣ್ಣ ಸಂದಿನ ಮುಂದೆ ನಿಂತಿದೆ. ಹಳದಿ ಬಾಲದ್ದು ಮೂರು ದಿನ ಆಗಾಗ ಅಟ್ಟಿತು, ಇದು ಸಂದಿಗೆ ನುಗ್ಗಿತು, ಅದು ವಾಪಸ್ ಹೋಯಿತು. ಈಗ ಅದೂ ಇಲ್ಲ. ಫ್ಯಾನ್ ಹಾಕಿದ ಮೇಲೆ ಮಧ್ಯಾಹ್ನ 27ರಲ್ಲಿ ನಿಲ್ಲುತ್ತಿದೆ, ಗೆರೆ ಎಳೆದು ನೀರು ಹಾಕುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಮೈಸಿಸ್ ಹಾಕಿದಾಗ ಫೈರ್‌ಫಿಶ್ ಬಯಲಿನ ತನಕ ಬಂತು. ಮುರಿದ ಆ ಬೆನ್ನಿನ ಕಡ್ಡಿ ಇನ್ನೂ ಮೋಟಾಗಿಯೇ ಇದೆ, ತುದಿಯಲ್ಲಿ ಸ್ವಲ್ಪ ಬಿಳಿ ಚಿಗುರಿದೆ. ಅದನ್ನೇ ಟಪ್ ಟಪ್ ಅಂತ ಎತ್ತಿ ಇಳಿಸುತ್ತಿತ್ತು.